ಬೀಟೆಯ ಮರ: ಹೆಸರು, ಹಕ್ಕು, ಹುಟ್ಟುವಳಿ

ಕನ್ನಡನಾಡಿನ ಮಲೆಗಳಲ್ಲಿ ಬೆಳೆಯುವ ಮರಗಳೊಳಗೆ ಗಂಧ ತೇಗಗಳ ತರುವಾಯ ಎಣಿಕೆಗೆ ಬರತಕ್ಕುದು ಬೀಟೆ. ಇದನ್ನು ಬೀಟಿ ಎಂದೂ ತೊಡಗತ್ತಿ ಎಂದೂ ಕರೆಯುವುದುಂಟು. ಮಲೆಯಾಳದಲ್ಲಿ ಈಟ್ಟಿ, ವೀಟ್ಟಿ ಎಂದೂ, ತಮಿಳಿನಲ್ಲಿ ಈಟ್ಟಿ, ತೋದಕತ್ತಿ ಎಂದೂ ಇದರ ವ್ಯವಹಾರ. ದ್ರಾವಿಡ ಭಾಷೆಗಳಲ್ಲಿ ಪದಾದಿಯ ವಕಾರಕ್ಕೆ ಕನ್ನಡದಲ್ಲಿ ಬಕಾರವು ಬರುವುದು ವೀಡು-ಬೀಡು, ವೇರ್-ಬೇರು ಮುಂತಾದ ಜೋಡಿಗಳಿಂದ ವಿದಿತವಾಗಿದೆ. ಆದಕಾರಣ ವೀಟ್ಟಿಯೂ ಬೀಟಿಯೂ ಒಂದೇ ಶಬ್ದವೆಂದು ಹೇಳಲು ಅಡ್ಡಿಯಿಲ್ಲ. ಸಂಸ್ಕೃತದಿಂದ ಬಂದ ಹೆಸರಲ್ಲ ಇದು. ಪಶ್ಚಿಮ ಘಟ್ಟಗಳ ಎರಡು ಮಗ್ಗುಲಲ್ಲಿಯೂ ವಾಸಮಾಡಿದ ಜನರು ತಮ್ಮ ಕಾಡಿನ ಮರಕ್ಕೆ ತಾವೇ ಇಟ್ಟುಕೊಂಡ ಹೆಸರು.

ಹೀಗಿದ್ದರೂ ಕಾವ್ಯವನ್ನೂ ಕೋಶಗಳನ್ನೂ ಓದುವವರಿಗೆ ಈ ಮರವು ಹೆಚ್ಚಾಗಿ ಶಿಂಶಪಾ ಎಂಬ ಹೆಸರಿನ ಮರೆಯಲ್ಲಿಯೇ ಎದುರಾಗುವುದು. ಸೀತೆಯು ಲಂಕೆಯಲ್ಲಿ ಅಶೋಕವೃಕ್ಷದ ಕೆಳಗೆ ಕುಳಿತಿದ್ದಳೆಂದು ಪಾಠಶಾಲೆಗಳಲ್ಲಿ ಹೇಳಿಕೊಡುವ ವಾಡಿಕೆಯುಂಟಷ್ಟೆ. ವಾಲ್ಮೀಕಿಯ ಸುಂದರಕಾಂಡದಲ್ಲಿ ಅಶೋಕವೆಂಬುದು ವನದ ಹೆಸರು. ಆ ವನದೊಳಗೆ ಹನುಮಂತನು ಎಲೆಗಳ ನಡುವೆ ಅಡಗಿ ಕುಳಿತುದು ಶಿಂಶಪಾವೃಕ್ಷದ ಮೇಲೆ. ಸೀತೆಯನ್ನು ಕಂಡುದೂ ಅಲ್ಲಿಂದಲೇ. ಇದಕ್ಕೂ ಬಹು ಹಿಂದೆ, ಋಗ್ವೇದದ ಮೂರನೆಯ ಮಂಡಲದಲ್ಲಿ ವಿಶ್ವಾಮಿತ್ರನದೆಂದು ಹೇಳುವ ಸೂಕ್ತವೊಂದರಲ್ಲಿ, ಬಂಡಿಯ ಗಟ್ಟಿತನವನ್ನು ಹಾರೈಸುವ ಎಡೆಯಲ್ಲಿ ಖದಿರದೊಡನೆ ಶಿಂಶಪೆಯು ಹೆಸರುಗೊಂಡಿದೆ. ಪಾಲಿಯ ಸಂಯುತ್ತನಿಕಾಯದಲ್ಲಿ ಬುದ್ಧನು ಕೌಶಾಂಬಿಯ ಸಿಂಸಪಾವನದಲ್ಲಿದ್ದಾಗ ಒಂದು ಹಿಡಿ ಎಲೆಯನ್ನು ಕೈಗೆತ್ತಿಕೊಂಡು, ತಾನು ತಿಳಿದುದಕ್ಕೂ ತಾನು ಹೇಳಿದುದಕ್ಕೂ ಇರುವ ಅಂತರವನ್ನು ಶಿಷ್ಯರಿಗೆ ತೋರಿಸಿಕೊಟ್ಟ ಪ್ರಸಂಗವಿದೆ.

ಈ ಮೂರು ಎಡೆಗಳಲ್ಲಿಯೂ ಹೇಳಿರುವುದು ಉತ್ತರದೇಶದ ಸೀಸಮ್ ಮರವೆಂಬುದು ವಿದ್ವಾಂಸರ ಸಾಮಾನ್ಯಾಭಿಪ್ರಾಯ. ಶಿಂಶಪಾ ಶಬ್ದವೇ ಪ್ರಾಕೃತದ ಮೂಲಕ ಸವೆದು ಸೀಸೂ, ಸೀಸಮ್ ಎಂದಾಗಿದೆ. ಇದು ಹಿಮಾಲಯದ ತಪ್ಪಲಿನಲ್ಲಿ ಹೊಳೆಗಳು ತಂದೊಡ್ಡಿದ ಮರಳು ಜಲ್ಲಿಗಳ ಮೇಲೆ ತಾನಾಗಿ ಹುಟ್ಟುವ ಮರ. ನಮ್ಮ ನಾಡಿನಲ್ಲಿ ಸಾಲುಮರವಾಗಿಯೂ ತೋಪಾಗಿಯೂ ನೆಟ್ಟು ಬೆಳಸಿದ್ದುಂಟೇ ಹೊರತು ಇದು ಇಲ್ಲಿಯ ಕಾಡಿನ ಹುಟ್ಟಲ್ಲ. ಬೀಟೆಯು ಇದರ ದಾಯಾದಿ. ಕುಲವೊಂದು, ಜಾತಿ ಬೇರೆ. ಎರಡನ್ನೂ ಬೇರ್ಪಡಿಸಿ ತಿಳಿಯಲು ಎಲೆಯೊಂದೇ ಸಾಕು. ಸೀಸಮ್ಮಿನ ಗರಿಯಲ್ಲಿ ಸಾಮಾನ್ಯವಾಗಿ ಮೂರರಿಂದ ಐದು ಕಿರಿಯೆಲೆಗಳಿದ್ದು ಪ್ರತಿಯೊಂದರ ತುದಿಯೂ ಥಟ್ಟನೆ ಚೂಪಾಗುವುದು. ಬೀಟೆಯ ಗರಿಯಲ್ಲಿ ಐದೋ ಏಳೋ ಕಿರಿಯೆಲೆಗಳು. ಅವುಗಳ ತುದಿ ಮೊಂಡು, ಕೆಲವು ವೇಳೆ ನಡುವೆ ತುಸು ಕಚ್ಚು ಬಿದ್ದಂತೆಯೂ ಇರುವುದು.

ಹಾಗಾದರೆ ದಕ್ಷಿಣದವರು ಬೀಟೆಯನ್ನು ಶಿಂಶಪೆಯೆಂದು ತಿಳಿದುದು ಬರಿಯ ತಪ್ಪೇ? ಅಷ್ಟು ಸುಲಭವಾಗಿ ತೀರ್ಮಾನಿಸುವಂತಿಲ್ಲ. ಅಮರಸಿಂಹನು ಪಿಚ್ಛಿಲಾ, ಅಗುರು ಎಂಬ ಹೆಸರುಗಳನ್ನು ಶಿಂಶಪೆಯ ಜೊತೆಯಲ್ಲಿಟ್ಟಿದ್ದಾನೆ. ಕನ್ನಡದಲ್ಲಿ ಸೀಸಮ್ಮಿಗೆ ಅಗರು ಎಂಬ ಹೆಸರು ಬಂದುದು ಈ ದಾರಿಯಿಂದಲೇ ಇರಬೇಕು. ಇದರಿಂದ ಸುಗಂಧದ ಅಗರಿಗೂ ಇದಕ್ಕೂ ಕಲಬೆರಕೆಯಾಗಿ ಮತ್ತೊಂದು ತೊಡಕು ಹುಟ್ಟಿದೆ. ಹದಿನಾರನೆಯ ಶತಮಾನದ ಭಾವಮಿಶ್ರನು ತನ್ನ ಭಾವಪ್ರಕಾಶದಲ್ಲಿ ಶಿಂಶಪೆಗೆ ಶ್ಯಾಮಾ, ಕೃಷ್ಣಸಾರಾ ಎಂಬ ಪರ್ಯಾಯಗಳನ್ನು ಹೇಳುವನು. ಸಾರವೆಂದರೆ ಮರದ ಚೇಗು. ಕೃಷ್ಣಸಾರಾ ಎಂದರೆ ಕಪ್ಪು ಚೇಗಿನ ಮರ. ಸೀಸಮ್ಮಿನ ಚೇಗು ಹೊಂಬಣ್ಣ ಬೆರೆತ ಕಂದು. ಬೀಟೆಯದಾದರೋ ಕಂದಿನಿಂದ ನೇರಿಳೆಗಪ್ಪಿನವರೆಗೆ ಹೋಗಿ, ಕರಿಯ ಗೆರೆಗಳನ್ನು ತಳೆದಿರುವುದು. ಕೃಷ್ಣಸಾರಾ ಎಂಬ ಮಾತನ್ನು ಕೋಶದಲ್ಲಿ ಓದಿ ಕಾಡಿಗೆ ಹೋದ ದಕ್ಷಿಣದ ಪಂಡಿತನಿಗೆ ಬೀಟೆಯಲ್ಲದೆ ಬೇರೆ ಮರವು ತೋರುವ ಸಂಭವವಿಲ್ಲ. ಹೆಸರು ಉತ್ತರದ್ದು, ಮರ ತನ್ನ ಊರಿನದು. ಟೀಕಾಕಾರರು ಸಸ್ಯಗಳ ವಿಷಯದಲ್ಲಿ ಮಾಡಿರುವ ಇಂತಹ ಹೊಂದಾಣಿಕೆಗಳನ್ನು ಅಜ್ಞಾನವೆಂದು ತಳ್ಳಿಬಿಡುವುದಕ್ಕಿಂತ, ಆಯಾ ಸೀಮೆಯ ಕಾಡಿನ ಸಾಕ್ಷ್ಯವೆಂದು ಗ್ರಹಿಸುವುದು ಮೇಲು.

ಪಾಶ್ಚಾತ್ಯ ಸಸ್ಯಶಾಸ್ತ್ರಜ್ಞರಿಂದ ಈ ಗೊಂದಲವು ಒಂದು ಬಗೆಯಲ್ಲಿ ತಿಳಿಯಾಯಿತು. ಲಿನೀಯಸನ ಮಗನು ಸ್ವೀಡನ್ನಿನ ಡಾಲ್ಬರ್ಗ್ ಸೋದರರ ನೆನಪಿಗಾಗಿ ಈ ಕುಲಕ್ಕೆ ಡಾಲ್ಬರ್ಜಿಯ ಎಂದು ಹೆಸರಿಟ್ಟಿದ್ದನು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ವಿಲಿಯಂ ರಾಕ್ಸ್‌ಬರ್ಗನು ಕೋರಮಂಡಲ ತೀರದ ಸಸ್ಯಗಳನ್ನು ಕುರಿತ ತನ್ನ ದೊಡ್ಡ ಚಿತ್ರಗ್ರಂಥದಲ್ಲಿ ಬೀಟೆಯನ್ನು ಡಾಲ್ಬರ್ಜಿಯ ಲ್ಯಾಟಿಫೋಲಿಯ, ಎಂದರೆ ಅಗಲವಾದ ಎಲೆಯುಳ್ಳದ್ದು, ಎಂದು ವರ್ಣಿಸಿದನು. ಸೀಸಮ್ಮಿಗೆ ಡಾಲ್ಬರ್ಜಿಯ ಸಿಸ್ಸೂ ಎಂಬ ಹೆಸರು ೧೮೨೫ರಲ್ಲಿ ಡಿ ಕಾಂಡೋಲನ ಗ್ರಂಥದಲ್ಲಿ ಪ್ರಕಟವಾಯಿತು. ಆದರೆ ವ್ಯಾಪಾರದ ಇಂಗ್ಲಿಷಿನಲ್ಲಿ ಎರಡಕ್ಕೂ ರೋಸ್‌ವುಡ್ ಎಂಬ ಒಂದೇ ಹೆಸರು ನಿಂತಿತು. ಮೊದಲು ಬ್ರೆಜಿಲ್ ದೇಶದ ಮರಕ್ಕೆ ಸಂದಿದ್ದ ಹೆಸರು ಅದು. ಹೊಸದಾಗಿ ಕುಯ್ದಾಗ ಗುಲಾಬಿಯಂತಹ ಪರಿಮಳವು ಹೊಮ್ಮುವುದರಿಂದ ಬಂದುದು. ಹತ್ತೊಂಬತ್ತನೆಯ ಶತಮಾನದ ಸರಕಾರೀ ಕಾಗದಗಳಲ್ಲಿ ಬೀಟೆಯು ಬಹುಮಟ್ಟಿಗೆ ಬ್ಲ್ಯಾಕ್‌ವುಡ್ ಎಂದೇ ಕಾಣುವುದು. ಮುಂಬಯಿಯ ಕೆತ್ತನೆಯ ಪೀಠೋಪಕರಣಗಳಿಗೂ ಈ ಹೆಸರೇ ಪ್ರಸಿದ್ಧವಾಯಿತು. ಹಳೆಯ ದಾಖಲೆಗಳನ್ನು ಶೋಧಿಸುವವರು ಕರಿಮರ, ಬ್ಲ್ಯಾಕ್‌ವುಡ್, ಬೀಟೆ ಇವು ಒಂದೇ ವಸ್ತುವೆಂಬುದನ್ನು ಮರೆಯಲಾಗದು.

ಈ ಮರದ ಬಾಳುವೆಯ ಕ್ರಮವನ್ನು ತಿಳಿಯದೆ ಇದರ ಚರಿತ್ರೆಯು ಅರ್ಥವಾಗಲಾರದು. ಬೀಟೆಯು ತೇಗ, ಹೊನ್ನೆ, ಮತ್ತಿ, ನಂದಿ, ಬಿದಿರುಗಳ ನಡುವೆ, ಒಳ್ಳೆಯ ಮಳೆಯೂ ಆಳವಾದ, ನೀರು ನಿಲ್ಲದ ಮಣ್ಣೂ ಇರುವೆಡೆಯಲ್ಲಿ ಅಲ್ಲೊಂದು ಇಲ್ಲೊಂದಾಗಿ ಬೆಳೆಯುವುದು. ಬೀಟೆಯೊಂದೇ ನೆರೆದ ಕಾಡು ಇಲ್ಲ. ಬೇಸಗೆಯಲ್ಲಿ ಎಲೆಯುದುರಿಸಿ ಮತ್ತೆ ಚಿಗುರುವುದು. ಹೂ ಸಣ್ಣದು, ಬೆಳ್ಳಗಿನದು. ಕಾಯಿ ಚಪ್ಪಟೆಯಾದ ತೆಳುವಾದ ಕೋಡು. ಅದರೊಳಗೆ ಹೆಚ್ಚಾಗಿ ಒಂದೇ ಬೀಜ, ಅಪರೂಪವಾಗಿ ಎರಡು ಮೂರು. ಹುರುಳಿ ಅವರೆಗಳ ಕಾಯಂತೆ ಇದು ಬಿರಿಯುವುದಿಲ್ಲ. ಕೋಡಿನೊಡನೆಯೇ ಗಾಳಿಗೆ ಹಾರಿ ನೆಲಕ್ಕೆ ಬೀಳುವುದು. ಬಿದ್ದ ಬೀಜವು ಮೊಳೆಯುವುದೇನೋ ನಿಜ. ಆದರೆ ಎಳೆಯ ಸಸಿಯನ್ನು ಕಾಡುಕಿಚ್ಚು ಸುಡುವುದು, ದನ ಜಿಂಕೆಗಳು ಮೇಯುವುವು, ಹುಲ್ಲು ಪೊದೆಗಳು ಅದುಮುವುವು. ಇಷ್ಟನ್ನು ದಾಟಿದ ಸಸಿಯೂ ಬಹು ನಿಧಾನವಾಗಿ ಬೆಳೆಯುವುದು. ನೆಟ್ಟವನು ತನ್ನ ಕಾಲದಲ್ಲಿಯೇ ಕಪ್ಪು ಚೇಗಿನ ದಿಮ್ಮಿಯನ್ನು ಕಾಣುವೆನೆಂದು ನಂಬುವಂತಿಲ್ಲ. ಎಳೆಯ ಮರದ ಬಹುಪಾಲು ಬೆಳ್ಳಗಿನ ಹೊರಮರ, ಹುಳುವಿನ ಆಹಾರ; ಬೆಲೆಯೆಲ್ಲ ಚೇಗಿನದು, ಚೇಗು ಮುದಿತನದ್ದು. ಮುದಿತನ ಮೀರಿದರೆ ಒಳಗೆ ಪೊಳ್ಳು ಬೀಳುವುದೂ ಉಂಟು.

ಬೀಜದ ಈ ಕೊರತೆಯನ್ನು ಬೇರು ತುಂಬಿಕೊಡುವುದು. ಬೀಟೆಯ ಬೇರುಗಳು ನೆಲದ ಮೇಲ್ಪದರದಲ್ಲಿ ದೂರ ಹಬ್ಬಿ, ಎಲ್ಲಿ ಗಾಯವಾದರೆ ಅಲ್ಲಿ ಹೊಸ ಕುಡಿಯನ್ನು ಒಡೆಯುವುವು. ಮಳೆ ಕೊರೆದು ಬೇರು ಬಯಲಾದೆಡೆ, ದಾರಿ ತೋಡಿದೆಡೆ, ಬಂಡಿಯ ಗಾಲಿ ಹರಿದೆಡೆ ಬೀಟೆಯ ಕುಡಿಗಳು ಸಾಲಾಗಿ ಏಳುವುದನ್ನು ಮಲೆನಾಡಿನವರು ಬಲ್ಲರು. ಅರಣ್ಯಾಧಿಕಾರಿಗಳು ಈ ಗುಣವನ್ನೇ ಉಪಾಯವಾಗಿ ಮಾಡಿಕೊಂಡು, ಬೆಳೆದ ಮರದಿಂದ ಕೆಲವು ಗಜ ದೂರದಲ್ಲಿ ಸುತ್ತಲೂ ಕಾಲುವೆ ತೋಡಿಸಿ ಬೇರುಗಳನ್ನು ಕಡಿಸಿ, ಅವುಗಳಿಂದ ಮರಿಗಳನ್ನೆಬ್ಬಿಸುವ ಪದ್ಧತಿಯನ್ನು ಬಳಕೆಗೆ ತಂದರು. ಜಾವಾ ದ್ವೀಪದಲ್ಲಿ ಸೊನೊಕೆಲಿಂಗ್ ಎಂಬ ಹೆಸರಿನಿಂದ ಈ ಮರವನ್ನು ತೋಪುಗಳಾಗಿ ಬೆಳಸಿದವರು ಕೂಡ ಬೀಜಕ್ಕಿಂತ ಹೆಚ್ಚಾಗಿ ಬೇರಿನ ಮರಿಗಳನ್ನೇ ನಂಬಿದರು. ಆದಕಾರಣ, ಬೀಟೆಯನ್ನು ಬೆಳಸುವ ವಿದ್ಯೆಯು ಗೂಢವಾದುದೇನೂ ಅಲ್ಲ. ತಾಯಿಮರವನ್ನು ಉಳಿಸಿ, ಅದರ ಸುತ್ತ ಏಳುವ ಕುಡಿಯನ್ನು ಹತ್ತು ಹದಿನೈದು ವರ್ಷ ಬೆಂಕಿ ದನಗಳಿಂದ ಕಾಯಬಲ್ಲ ಮನುಷ್ಯನೊಬ್ಬನಿದ್ದರೆ ಸಾಕು. ಅಂತಹ ಮನುಷ್ಯನು ಏಕೆ ವಿರಳವಾದನೆಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ.

ಉತ್ತರವು ಮಣ್ಣಿನಲ್ಲಿಲ್ಲ, ಒಡೆತನದಲ್ಲಿದೆ. ದಕ್ಷಿಣದ ಅರಸರು ಕೆಲವು ಮರಗಳನ್ನು, ಅವು ಯಾರ ನೆಲದಲ್ಲಿಯೇ ಇರಲಿ, ತಮ್ಮವೆಂದು ಸಾರಿದುದುಂಟು. ೧೭೯೨ರಲ್ಲಿ ಟಿಪ್ಪು ಸುಲ್ತಾನನು ಗಂಧವನ್ನು ರಾಜವೃಕ್ಷವೆಂದು ಘೋಷಿಸಿದುದು ಎಲ್ಲರಿಗೂ ತಿಳಿದ ಉದಾಹರಣೆ. ಕುಂಪಣಿಯವರು ಈ ತತ್ತ್ವವನ್ನು ಬಿಡಲಿಲ್ಲ, ಬಿಗಿಮಾಡಿದರು. ನೌಕಾಬಲಕ್ಕೆ ತೇಗ ಬೇಕಾಗಿ ೧೮೦೬ರಲ್ಲಿ ಕ್ಯಾಪ್ಟನ್ ವಾಟ್ಸನ್ನನು ಮಲಬಾರು ಕನ್ನಡಜಿಲ್ಲೆಗಳ ಕಾಡುಗಳ ಪಾಲಕನಾಗಿ ನೇಮಕಗೊಂಡನು. ಖಾಸಗಿ ನೆಲದ ತೇಗವನ್ನೂ ಸರಕಾರದ್ದೇ ಎಂದು ನಡೆಸಿಕೊಂಡ ಅವನ ಆಡಳಿತದ ಮೇಲೆ ನೆಲದೊಡೆಯರೂ ವ್ಯಾಪಾರಿಗಳೂ ದೂರಿಕೊಂಡರು. ಮದರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ ೧೮೨೩ರಲ್ಲಿ ಆ ಅಧಿಕಾರವನ್ನೇ ರದ್ದುಗೊಳಿಸಿದನು. ಅಧಿಕಾರ ಹೋಯಿತು, ತತ್ತ್ವ ಹೋಗಲಿಲ್ಲ. ಮದರಾಸು ಪ್ರಾಂತದಲ್ಲಿ ೧೮೫೬ರಲ್ಲಿ ಕ್ಲೆಗ್‌ಹಾರ್ನನ ಕೈಕೆಳಗೆ ಅರಣ್ಯ ಇಲಾಖೆಯು ಹುಟ್ಟಿತು; ಮೈಸೂರಿನಲ್ಲಿ ೧೮೬೪ರಲ್ಲಿ. ಮೈಸೂರಿನ ಅರಣ್ಯನಿಬಂಧನೆಗಳು ಗಂಧ, ತೇಗ, ಬೀಟೆ, ಹೊನ್ನೆ ಮುಂತಾದವನ್ನು ಕಾಯ್ದಿರಿಸಿದ ಮರಗಳೆಂದು ಎಣಿಸಿ, ಅವನ್ನು ಕಡಿಯಲು ಅಪ್ಪಣೆಯೂ ಹಣವೂ ಬೇಕೆಂದು ವಿಧಿಸಿದುವು. ೧೯೦೦ರ ಮೈಸೂರು ಅರಣ್ಯ ರೆಗ್ಯುಲೇಷನ್ನಿನಿಂದ ಇಲಾಖೆಯ ಹಿಡಿತವು ಮತ್ತಷ್ಟು ಭದ್ರವಾಯಿತು.

ಕೊಡಗಿನಲ್ಲಿ ಈ ವಿಷಯವು ಇನ್ನಷ್ಟು ಜಟಿಲ. ಅರಸರ ಕಾಲದಿಂದ ಬಂದ ಜಮ್ಮಾ ಭೂಮಿಗಳಲ್ಲಿ ನೆಲವನ್ನು ಅನುಭವಿಸುವ ಹಕ್ಕು ಕುಟುಂಬದ್ದು, ಬೆಲೆಬಾಳುವ ಮರದ ಹಕ್ಕು ದೊರೆಯದು. ೧೮೩೪ರಲ್ಲಿ ಕೊಡಗು ಇಂಗ್ಲಿಷರ ವಶವಾದ ಮೇಲೆ ದೊರೆಯ ಸ್ಥಾನಕ್ಕೆ ಸರಕಾರವು ಬಂದಿತು. ಕಾಲಕ್ರಮದಲ್ಲಿ, ಮರಗಳ ಬೆಲೆಯನ್ನು ಸರಕಾರಕ್ಕೆ ಸಲ್ಲಿಸಿ ಹಕ್ಕನ್ನು ಬಿಡಿಸಿಕೊಂಡ ಭೂಮಿಗೆ ರಿಡೀಮ್ಡ್ ಎಂದೂ, ಬಿಡಿಸಿಕೊಳ್ಳದ ಭೂಮಿಗೆ ಅನ್‌ರಿಡೀಮ್ಡ್ ಎಂದೂ ವಿಭಾಗವಾಯಿತು. ಈ ಎರಡನೆಯ ಬಗೆಯ ಭೂಮಿಯಲ್ಲಿ ತಾತನು ಕಾಪಾಡಿದ ಬೀಟೆಯನ್ನು ಮೊಮ್ಮಗನು ತನ್ನದೆಂದು ಮಾರುವಂತಿಲ್ಲ. ಈ ವಿವಾದವು ಇಪ್ಪತ್ತೊಂದನೆಯ ಶತಮಾನಕ್ಕೂ ನಡೆದುಬಂದಿದೆ.

ಕಾಯ್ದೆಯು ಕಡಿಯುವ ಕೈಯನ್ನು ತಡೆಯಿತೆಂಬುದು ನಿಜ. ಅದಿಲ್ಲದಿದ್ದರೆ ಎಷ್ಟೋ ಮುದಿಮರಗಳು ಇಂದಿಗೆ ಉಳಿಯುತ್ತಿರಲಿಲ್ಲ. ಆದರೆ ನೆಡುವ ಕೈಯನ್ನೂ ಅದು ತಡೆಯಿತೆಂಬುದನ್ನು ಅಲ್ಲಗಳೆಯಲಾಗದು. ತೇಗದ ಚರಿತ್ರೆಯೊಡನೆ ಹೋಲಿಸಿದರೆ ಇದು ಸ್ಪಷ್ಟವಾಗುವುದು. ಹಡಗಿಗೆ ತೇಗ ಸಾಲದೆಂಬ ಭೀತಿಯಿಂದ ಮಲಬಾರಿನ ಕಲೆಕ್ಟರ್ ಕಾನೊಲಿಯು ೧೮೪೦ರ ದಶಕದಲ್ಲಿ ನೀಲಂಬೂರಿನಲ್ಲಿ ತೇಗದ ತೋಪನ್ನು ಆರಂಭಿಸಿದನು. ಮೊದಮೊದಲು ಬೀಜ ಮೊಳೆಯದೆ ಪ್ರಯತ್ನಗಳು ಕೆಟ್ಟುವು. ಚಾತು ಮೇನೋನನೆಂಬ ಸ್ಥಳೀಯ ನೌಕರನ ದುಡಿಮೆಯಿಂದ ಕೆಲಸವು ಕೈಗೂಡಿ, ಅಲ್ಲಿಂದ ಮುಂದೆ ತೇಗವು ನೆಡುವ ಮರವಾಯಿತು. ಬೀಟೆಗೆ ಅಂತಹ ಕಾನೊಲಿಯೂ ದೊರೆಯಲಿಲ್ಲ, ಚಾತು ಮೇನೋನನೂ ದೊರೆಯಲಿಲ್ಲ. ಅದು ಹಡಗಿನ ಮರವಲ್ಲ, ತೂಕ ಹೆಚ್ಚು. ಗಾಡಿಯ ಗಾಲಿ, ಫಿರಂಗಿಯ ಬಂಡಿ, ಬಾಗಿಲು, ಮೇಜು ಕುರ್ಚಿಗಳಿಗೆ ಬೇಕಾದಷ್ಟು ಕಾಡಿನಲ್ಲಿಯೇ ದೊರೆಯುತ್ತಿತ್ತು. ನಿಧಾನವಾಗಿ ಬೆಳೆಯುವ ಮರಕ್ಕೆ ಹಣ ಹೂಡಲು ಇಲಾಖೆಗೆ ಮನಸ್ಸಿರಲಿಲ್ಲ, ರೈತನಿಗೆ ಹಕ್ಕಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಕೊಡಗು, ಚಿಕ್ಕಮಗಳೂರು, ಮಂಜರಾಬಾದುಗಳ ಕಾಡು ಕಾಫಿ ತೋಟವಾಗುತ್ತ ಬಂದಾಗ ಬೀಟೆಗೆ ಅನಿರೀಕ್ಷಿತವಾಗಿ ಒಂದು ಆಶ್ರಯವು ದೊರೆಯಿತು. ಕಾಫಿಗೆ ನೆರಳು ಬೇಕು. ಬಿಸಿಲು ಬಿದ್ದ ತೋಟದಲ್ಲಿ ಕಾಂಡಕೊರಕದ ಹಾವಳಿ ಹೆಚ್ಚು. ಬೀಟೆಯು ಎತ್ತರವಾಗಿ ಬೆಳೆದು, ಬೆಳಕನ್ನು ಜರಡಿ ಹಿಡಿದಂತೆ ಕೆಳಗೆ ಬಿಡುವುದು. ಉದುರಿದ ಎಲೆ ಗೊಬ್ಬರವಾಗುವುದು. ಅವರೆಯ ವರ್ಗಕ್ಕೆ ಸೇರಿದುದಾದ್ದರಿಂದ ಬೇರಿನ ಗಂಟುಗಳ ಮೂಲಕ ನೆಲದ ಸಾರವನ್ನೂ ಹೆಚ್ಚಿಸುವುದು. ಹೀಗೆ ತೋಟಗಾರರು ಹಳೆಯ ಬೀಟೆಗಳನ್ನು ಉಳಿಸಿಕೊಂಡು, ಕೆಳಗೊಂಬೆಗಳನ್ನು ಸವರಿಸಿ ಸಾಕಿದರು. ಆದರೆ ಉಳಿಸಿಕೊಂಡದ್ದು ನೆರಳಿಗಾಗಿ, ಮರಕ್ಕಾಗಿಯಲ್ಲ. ಒಂದು ಬೀಟೆಯು ಗಾಳಿಗೆ ಬಿದ್ದು ತೆರವಾದ ಜಾಗಕ್ಕೆ ಮತ್ತೊಂದು ಬೀಟೆಯನ್ನು ನೆಡುವುದಕ್ಕೆ ಬದಲಾಗಿ, ಆಸ್ಟ್ರೇಲಿಯದಿಂದ ಬಂದ ಸಿಲ್ವರ್ ಓಕನ್ನು ನೆಡುವುದು ರೂಢಿಯಾಯಿತು. ಅದು ಬೇಗ ಬೆಳೆಯುವುದು, ಮೆಣಸಿನ ಬಳ್ಳಿಗೆ ಆಸರೆಯಾಗುವುದು. ಎಲ್ಲಕ್ಕಿಂತ ಮಿಗಿಲಾಗಿ, ಅದನ್ನು ಕಡಿದು ಮಾರುವಾಗ ಕಚೇರಿಯ ಬಾಗಿಲಲ್ಲಿ ಕಾಯಬೇಕಾಗಿಲ್ಲ. ಮಲೆನಾಡಿನ ತೋಟಗಳ ಮೇಲ್ಛಾವಣಿಯು ನೂರು ವರ್ಷಗಳಲ್ಲಿ ಬಣ್ಣ ಬದಲಿಸಿದುದಕ್ಕೆ ಹವೆ ಮಣ್ಣುಗಳಿಗಿಂತ ಈ ಅಂತರವೇ ದೊಡ್ಡ ಕಾರಣವೆನ್ನಬೇಕು.

ಇತ್ತ ಪೇಟೆಯಲ್ಲಿ ಮರದ ಕೀರ್ತಿಯು ಏರುತ್ತಲೇ ಹೋಯಿತು. ಬೀಟೆಯ ಹಲಗೆಯಲ್ಲಿ ದಂತವನ್ನೂ ಬೇರೆ ಬಣ್ಣದ ಮರಗಳನ್ನೂ ಕೂಡಿಸಿ ಚಿತ್ರ ಬಿಡಿಸುವ ಕುಸುರಿಯು ಮೈಸೂರಿನಲ್ಲಿ ಅರಮನೆಯ ಆಶ್ರಯದಿಂದ ಬೆಳೆಯಿತು. ೧೮೯೭ರಲ್ಲಿ ಮರದ ಹಳೆಯ ಅರಮನೆಯು ಬೆಂಕಿಗೆ ತುತ್ತಾಗಿ, ೧೯೧೨ರಲ್ಲಿ ಹೊಸದು ಪೂರ್ಣವಾದಾಗ ಅಂಬಾವಿಲಾಸದಲ್ಲಿ ದಂತ ಕೂಡಿಸಿದ ಬೀಟೆಯ ಬಾಗಿಲುಗಳನ್ನು ನಿಲ್ಲಿಸಿದರು; ಇಂದಿಗೂ ಅವುಗಳ ಮುಂದೆ ನಿಲ್ಲದೆ ಹೋಗುವ ಪ್ರೇಕ್ಷಕರು ಕಡಮೆ. ದಂತದ ವ್ಯಾಪಾರವು ೧೯೮೬ ಮತ್ತು ೧೯೯೧ರ ತಿದ್ದುಪಡಿಗಳಿಂದ ನಿಂತುಹೋದ ಮೇಲೆ ಕುಸುರಿಗಾರರು ದಂತದ ಸ್ಥಾನದಲ್ಲಿ ಬೇರೆ ಸಾಮಗ್ರಿಗಳನ್ನು ಬಳಸತೊಡಗಿದರು. ಬೀಟೆಯ ಸ್ಥಾನದಲ್ಲಿ ಮಾತ್ರ ಮತ್ತೊಂದನ್ನು ಇಡುವುದು ಸುಲಭವಾಗಲಿಲ್ಲ. ಮೈಸೂರಿನ ಬೀಟೆಯ ಕುಸುರಿಗೆ ೨೦೦೫ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಸಾಗರದಾಚೆಗೂ ಬೇಡಿಕೆಯು ಹೆಚ್ಚಿತು. ೧೯೬೦ರ ದಶಕದ ಕೊನೆಯಲ್ಲಿ ಬ್ರೆಜಿಲಿನಿಂದ ಅಲ್ಲಿಯ ಮರದ ದಿಮ್ಮಿಗಳು ಬರುವುದು ದುರ್ಲಭವಾದಾಗ, ಗಿಟಾರನ್ನು ಮಾಡುವ ಅಮೆರಿಕದ ಕಾರ್ಖಾನೆಗಳು ಭಾರತದ ಬೀಟೆಗೆ ತಿರುಗಿದುವು.

ಹೀಗೆ ಕೊಳ್ಳುವವರು ಹೆಚ್ಚಿ, ಬೆಳೆಯುವವರು ಹೆಚ್ಚದೆ ಇದ್ದುದರ ಫಲವು ಕೊನೆಗೆ ಅಂತರರಾಷ್ಟ್ರೀಯ ಪಟ್ಟಿಗಳಲ್ಲಿ ಕಾಣಿಸಿಕೊಂಡಿತು. ೧೯೯೮ರಲ್ಲಿ ನಿಸರ್ಗ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವು ಬೀಟೆಯನ್ನು ಅಪಾಯಕ್ಕೆ ಗುರಿಯಾಗಬಲ್ಲ ಜಾತಿಗಳಲ್ಲಿ ಸೇರಿಸಿತು. ೨೦೧೭ರ ಜನವರಿಯಿಂದ ಡಾಲ್ಬರ್ಜಿಯ ಕುಲದ ಮರಗಳೆಲ್ಲವೂ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣಕ್ಕೆ ಒಳಪಟ್ಟುವು. ಸಿದ್ಧವಾದ ವಾದ್ಯಗಳಿಗೆ ೨೦೧೯ರಲ್ಲಿ ವಿನಾಯಿತಿ ದೊರೆಯಿತು. ಕರ್ನಾಟಕದಲ್ಲಿ ಖಾಸಗಿ ನೆಲದ ಮರವನ್ನು ಕಡಿಯುವುದಕ್ಕೆ ೧೯೭೬ರ ವೃಕ್ಷಸಂರಕ್ಷಣ ಕಾಯ್ದೆಯೂ ಅನ್ವಯಿಸುವುದು. ಗಂಧದ ವಿಷಯದಲ್ಲಿಯಾದರೂ ರಾಜ್ಯವು ೨೦೦೧ರ ತಿದ್ದುಪಡಿಯಿಂದ ಹಳೆಯ ರಾಜವೃಕ್ಷದ ತತ್ತ್ವವನ್ನು ಸಡಿಲಿಸಿ, ತನ್ನ ನೆಲದಲ್ಲಿ ಬೆಳೆದ ಗಂಧಕ್ಕೆ ನೆಲದವನೇ ಒಡೆಯನೆಂದು ಒಪ್ಪಿತು. ಆ ಬಳಿಕ ಗಂಧವನ್ನು ತೋಟವಾಗಿ ಬೆಳಸುವವರು ಕಾಣಿಸಿಕೊಂಡರು.

ಬೀಟೆಯ ಸಸಿಯನ್ನೆಬ್ಬಿಸುವ ಕ್ರಮವು ಈಗ ಚೆನ್ನಾಗಿ ತಿಳಿದಿದೆ. ಚಳಿಗಾಲದ ಕೊನೆಯಲ್ಲಿ ಬಲಿತ ಕೋಡುಗಳನ್ನು ಕೂಡಿಸಿ, ಬೀಜಕ್ಕೆ ನೋವಾಗದಂತೆ ತುಂಡುಮಾಡಿ, ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ನೆನಸಿ ಮಡಿಗಳಲ್ಲಿ ಬಿತ್ತುವರು; ಒಂದರಿಂದ ಮೂರು ವಾರಗಳೊಳಗಾಗಿ ಮೊಳೆಯುವುವು. ಎಳೆಯದರಲ್ಲಿ ತುಸು ನೆರಳನ್ನು ಸೈರಿಸುವುದರಿಂದ ತೋಟದ ಅಂಚಿಗೆ ಹೊಂದಿಕೊಳ್ಳುವುದು. ವರ್ಷ ತುಂಬಿದ ಸಸಿಯ ಕಾಂಡವನ್ನೂ ಬೇರನ್ನೂ ಕತ್ತರಿಸಿ, ಮಳೆ ಹಿಡಿದ ಮೇಲೆ ಮೋಟುಗಳಾಗಿ ನೆಡುವುದೂ ಉಂಟು. ಇಷ್ಟು ಶ್ರಮವೂ ಬೇಡವೆನ್ನುವ ತೋಟಗಾರನಿಗೆ, ಹಳೆಯ ಬೀಟೆಯೊಂದಿದ್ದರೆ, ತೋಟದಲ್ಲಿ ತೊಟ್ಟಿಲುಗುಂಡಿ ತೋಡಿದಾಗ ಕಡಿದ ಬೇರಿನಿಂದ ಮರಿಗಳು ತಾವಾಗಿಯೇ ಏಳುವುವು. ಮಳೆಗಾಲ ಮುಗಿದು ಕಳೆ ಕೊಚ್ಚುವ ಆಳು ಆ ಮೊಂಡೆಲೆಯ ಕುಡಿಯನ್ನು ಗುರುತಿಸಿ ಕತ್ತಿಯನ್ನು ಪಕ್ಕಕ್ಕೆ ತಿರುಗಿಸುವನೋ, ಉಳಿದ ಕಳೆಯೊಡನೆ ಕೊಚ್ಚಿಹಾಕುವನೋ ಎಂಬುದು ತೋಟದ ಯಜಮಾನನು ಅವನಿಗೆ ಏನು ಹೇಳಿಟ್ಟಿರುವನೆಂಬುದನ್ನು ಅವಲಂಬಿಸಿರುವುದು.